ಸೇತುವೆಯ ಜಾಲರಿಗೆ ಸಿಕ್ಕ ಗಂಟುಗಳು

ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯ ಕಿಟಕಿಯ ಎದುರಿಗೆ ಪ್ರವಾಸಿಗಳು ಬಂದು ನಿಲ್ಲುತ್ತಾರೆ. ಹೈದರಾಬಾದಿನ ಬೇಗಂಪೇಟೆಯ ಸ್ಟೇಷನ್ನಿನ ಕಡೆಯಿಂದ ನಡೆದು ಬರುವ ಹತ್ತು ಹನ್ನೆರಡು ಮಂದಿ. ತಲೆಗೆ ಟೋಪಿ, ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ನೀರಿನ ಬಾಟಲಿ. ಅವರನ್ನು ಕರೆತರುವ ಗೈಡು ಹಳೆಯ ಕಲ್ಲಿನ ಸೇತುವೆಯ ಮೇಲೆ ನಿಂತು ಹಿಂದಿಯಲ್ಲಿ ಶುರು ಮಾಡುತ್ತಾನೆ. ಇದು ನವಾಬರ ಕಾಲದ ಕಾಲುವೆ, ಮೇಲಿನ ಕೆರೆಗಳ ನೀರು ಇದರಲ್ಲೇ ಹರಿದು ದೊಡ್ಡ ಕೆರೆಗೆ ಹೋಗುತ್ತಿತ್ತು, ಎರಡೂ ದಂಡೆಗೆ ತೋಟಗಳಿದ್ದವು, ಬೇಗಂಗಳು ದೋಣಿಯಲ್ಲಿ ಕೂತು ಇಲ್ಲಿಂದ ಹಾದು ಹೋಗುತ್ತಿದ್ದರು. ನಾನು ಕಿಟಕಿಯೊಳಗೆ ರೊಟ್ಟಿ ತಟ್ಟುತ್ತ ಇದನ್ನು ವರ್ಷಗಟ್ಟಲೆ ಕೇಳಿದ್ದೇನೆ. ಅವನ ಕಥೆಯಲ್ಲಿ ಮೊದಮೊದಲು ಒಂದೇ ದೋಣಿ ಇತ್ತು. ಈಗ ಮೂರಾಗಿವೆ, ಒಂದರಲ್ಲಿ ಸಂಗೀತವೂ ಸೇರಿಕೊಂಡಿದೆ.

ಮಾತು ಮುಗಿದ ಮೇಲೆ ಅವರೆಲ್ಲ ಬಗ್ಗಿ ಕೆಳಗೆ ನೋಡುತ್ತಾರೆ. ಕೆಳಗೆ ಹರಿಯುವುದು ನೀರಲ್ಲ. ಡಾಂಬರಿನಂಥದ್ದೇನೋ, ಮೇಲೆ ಬೂದು ನೊರೆ, ನೊರೆಯಲ್ಲಿ ಚಪ್ಪಲಿ, ಥರ್ಮಾಕೋಲು, ಅರ್ಧ ಹಾಸಿಗೆ, ಒಮ್ಮೊಮ್ಮೆ ಉಬ್ಬಿದ ಹಂದಿ. ನಾವು ಇದನ್ನು ನಾಲಾ ಎನ್ನುತ್ತೇವೆ, ಕಾಲುವೆ ಎಂದು ಕರೆಯುವವನು ಆ ಗೈಡು ಒಬ್ಬನೇ. ಎಲ್ಲರೂ ಮೂಗಿಗೆ ಕರವಸ್ತ್ರ ಒತ್ತುತ್ತಾರೆ. ಆಮೇಲೆ ಯಾರೋ ಒಬ್ಬಳು ತಂತಿಯ ಮೇಲೆ ಒಣಗಲು ಹಾಕಿದ ನನ್ನ ಸೀರೆಗಳ ಫೋಟೋ ತೆಗೆಯುತ್ತಾಳೆ. ಒಗೆದ ಬಟ್ಟೆಯಲ್ಲಿ ಇವರಿಗೇನು ಚೆಂದ ಕಾಣುತ್ತದೋ ನನಗೆ ತಿಳಿದಿಲ್ಲ. ಹೋಗುವ ಮುಂಚೆ ಖಾಲಿ ಬಾಟಲಿಯನ್ನು ಸೇತುವೆಯಿಂದ ಕೆಳಗೆ ಬಿಡುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಮೂಗು ಮುಚ್ಚಿದ ಕೈ ಮುಚ್ಚಿಯೇ ಇರುತ್ತದೆ, ಇನ್ನೊಂದು ಕೈ ಬಾಟಲಿ ಬಿಡುತ್ತದೆ.

ನಮ್ಮ ಮನೆಯವರಿಗೆ ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ. ಕಲಬುರಗಿ ಬಿಟ್ಟು ಈ ಊರಿಗೆ ಬಂದಾಗ ಮಗಳು ಇನ್ನೂ ಕಂಕುಳಲ್ಲಿದ್ದಳು. ಈ ಎರಡು ಕೋಣೆಯ ಮನೆಯನ್ನು ನೋಡಲು ಬಂದದ್ದು ಬಿರುಬೇಸಿಗೆಯಲ್ಲಿ. ಆಗ ನಾಲಾ ಬತ್ತಿ ಬಿರುಕು ಬಿಟ್ಟಿತ್ತು, ಪೂರ್ವದ ಕಿಟಕಿಯಿಂದ ಎಳೆಬಿಸಿಲು ಸೀದಾ ದೇವರ ಜಗಲಿಯ ಮೇಲೆ ಬೀಳುತ್ತಿತ್ತು. ನಾನು ಬಿಸಿಲು ನೋಡಿ ಒಪ್ಪಿದೆ. ಮೂಗಿನ ಮಾತು ಕೇಳಲಿಲ್ಲ.

ನಾಲಾ ಪಕ್ಕದಲ್ಲಿ ಬದುಕಿದವರಿಗೇ ಗೊತ್ತಿರುವ ಕೆಲವು ಸಂಗತಿಗಳಿವೆ. ಬೆಳ್ಳಿ ಕಪ್ಪಾಗುತ್ತದೆ. ಸೋಮವಾರ ತಿಕ್ಕಿ ಬೆಳಗಿದ ದೀಪ ಬುಧವಾರಕ್ಕೆ ಹೊಗೆ ಹಿಡಿದಂತೆ ಮಂಕಾಗಿ, ಶುಕ್ರವಾರಕ್ಕೆ ಇದ್ದಿಲಾಗಿರುತ್ತದೆ. ತಾಳಿಯ ಚಿನ್ನಕ್ಕೆ ಏನೂ ಆಗುವುದಿಲ್ಲ, ಕಾಲುಂಗುರ ಮಾತ್ರ ಕರ್ರಗೆ. ಫ್ರಿಜ್ಜಿನ ಹಿಂದಿನ ತಾಮ್ರದ ಕೊಳವೆ ಎರಡು ವರ್ಷಕ್ಕೊಮ್ಮೆ ತಿಂದುಹೋಗುತ್ತದೆ. ಹಾಲು ಮುಚ್ಚಿಟ್ಟರೂ ಅದರ ಕೆನೆಗೆ ವಾಸನೆ ಇಳಿಯುತ್ತದೆ. ಊದುಬತ್ತಿ ಹಚ್ಚಿದರೆ ಎರಡು ವಾಸನೆ ಕೂಡಿ ಮೂರನೆಯದೊಂದು ಹುಟ್ಟುತ್ತದೆ, ಅದು ಇನ್ನೂ ಹೇಸಿಗೆ. ಮಳೆಗಾಲದಲ್ಲಿ ನಾಲಾ ಉಕ್ಕಿ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಒಂದು ವರ್ಷ ಜಗಲಿಯ ಕೆಳಹಲಗೆಯ ತನಕ ಬಂದಿತ್ತು, ದೇವರನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಮೇಲಿನ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ.

ಹಾಗೆಂದು ಬರೀ ಗೋಳಾಡಿದರೆ ದೇವರು ಮೆಚ್ಚುವುದಿಲ್ಲ. ದಿನ ಬಿಟ್ಟು ದಿನ ಕುಡಿಯುವ ನೀರು ಹೇಳಿದ ಹೊತ್ತಿಗೇ ಬರುತ್ತದೆ. ಅಂಗಳದ ಬೇವಿನ ಮರ ಒಂದು ವರ್ಷವೂ ಬಾಡಿಲ್ಲ. ಮನೆಯವರ ಹತ್ತು ಬೆರಳೂ ಲೇತಿನಿಂದ ಕ್ಷೇಮವಾಗಿ ಸಂಜೆ ಮನೆಗೆ ಬರುತ್ತವೆ. ಇಷ್ಟನ್ನು ನಾನು ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ. ನೆನೆದು ಮುಗಿಯುವಷ್ಟರಲ್ಲಿ ಕಿಟಕಿಯಿಂದ ಗಾಳಿ ತಿರುಗುತ್ತದೆ, ಕೈ ತಾನಾಗಿ ಮೂಗಿಗೆ ಹೋಗುತ್ತದೆ.

ಮಗಳನ್ನು ಕಲಬುರಗಿಗೇ ಕೊಟ್ಟಿದ್ದೇವೆ. ಅವಳಿಗೆ ಮೂರು ತಿಂಗಳಾಗಿದೆ ಎಂದು ತಿಳಿದ ದಿನದಿಂದ ನನಗೆ ಒಂದೇ ಧ್ಯಾನ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತಾಯಿ ನನ್ನ ಬಾಣಂತನ ಮಾಡಿದ್ದಳು, ಅವಳದ್ದನ್ನು ಅವಳ ತಾಯಿ. ನನಗಿರುವುದು ಒಬ್ಬಳೇ ಮಗಳು. ಈ ಒಂದು ಕೆಲಸ ನನ್ನ ಕೈಯಿಂದ ಆಗಬೇಕಿತ್ತು. ಒಳಕೋಣೆಗೆ ಸುಣ್ಣ ಹೊಡೆಸಿದೆ, ಕಿಟಕಿಗೆ ಸೊಳ್ಳೆಯ ಜಾಳಿಗೆ ಹಾಕಿಸಿದೆ, ಬಾಣಂತಿಯ ಉಂಡೆಗೆ ಅಳವಿ, ಅಂಟು, ಕೊಬ್ಬರಿ ಎಲ್ಲ ತಂದು ಡಬ್ಬಿಗಳಲ್ಲಿ ತುಂಬಿದೆ.

ಚೈತ್ರದಲ್ಲಿ ಬೀಗಿತ್ತಿ ಬಂದರು. ನಮ್ಮ ಮನೆಗೆಂದೇ ಬಂದವರಲ್ಲ, ಅವರ ಓಣಿಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಹೈದರಾಬಾದು ನೋಡಲು ಬಂದಿದ್ದರು. ಕೋಟೆ, ಮಿನಾರು, ಬಳೆ ಅಂಗಡಿ, ಅಬಿಡ್ಸಿನಲ್ಲಿ ಸೀರೆ, ಕೆರೆಯಲ್ಲಿ ದೋಣಿ. ಮಧ್ಯಾಹ್ನ ಒಬ್ಬರೇ ಆಟೋ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಸೆರಗಿನ ತುದಿ ಮೂಗಿನ ಮೇಲಿತ್ತು. ಕಾಲಿಗೆ ನೀರು ಕೊಟ್ಟೆ, ಒಳಗೆ ಬಂದು ಕುಳಿತರೂ ಸೆರಗು ಇಳಿಯಲಿಲ್ಲ.

"ಊರು ಭಾಳ ಚೊಲೋ ಐತ್ರಿ ಅಕ್ಕಾರ. ಕೆರ್‍ಯಾಗ ದೋಣಿ ಹತ್ತಿದ್ವಿ. ಅರ್ಧಾ ಕೆರಿ ದಾಟೂದ್ರಾಗ ಎಲ್ಲಾರೂ ಮೂಗು ಹಿಡ್ಕೊಂಡು ದೇವರ ಹೆಸರು ಹೇಳಾಕತ್ತಿದ್ವಿ. ದೋಣಿಯಂವ ಅಂದ, ಇದು ಬೇಗಂಪೇಟಿ ನಾಲಾದ ನೀರು ಅಂತ. ಈಗ ತಿಳೀತು, ನಿಮ್ಮನಿ ಮುಂದಿಂದ ಬರ್ತೈತಿ."

ನಾನು ನಕ್ಕೆ. ಬೀಗರೆದುರು ನಗದೆ ಇನ್ನೇನು ಮಾಡಲಿ.

"ನಾಲಾ ದಂಡಿಗೆ ಮನಿ ಕಟ್ಟೀರೋ, ಮನಿ ಗ್ವಾಡಿಗೆ ನಾಲಾ ಕಟ್ಟೀರೋ?" ಎಂದು ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ನೋಡಿ ಹಿಂದೆ ಸರಿದರು. ಅವರ ಮುಖದಲ್ಲಿ ಮೂಡಿದ್ದನ್ನು ನಾನು ಮರೆಯಲಾರೆ, ಏಕೆಂದರೆ ಅದು ದಿನಾ ನನ್ನ ಮುಖದಲ್ಲಿ ಇರುವುದೇ.

ಚಹಾ ಅರ್ಧಕ್ಕೇ ಬಿಟ್ಟರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದರು. "ಸಿಟ್ಟಾಗಬ್ಯಾಡ್ರಿ. ಹಸಗೂಸಿನ ಮೂಗಿಗೆ ಈ ಗಾಳಿ ಬ್ಯಾಡ. ಬಾಣಂತನ ನಾವ ಅಲ್ಲೇ ಮಾಡ್ಕೋತೀವಿ. ನೀವು ಬಂದು ನೋಡ್ಕೊಂಡು ಹೋಗ್ರಿ."

"ಚೊಚ್ಚಲ ಬಾಣಂತನ್ರೀ ಅಕ್ಕಾರ, ತವರಮನಿದು. ಮಳಿಗಾಲದ ಒಳಗ ನಾಲಾ ಸ್ವಚ್ಛ ಮಾಡಸ್ತಾರ. ಮಾಡಸೂ ಹಂಗ ಮಾಡ್ತೀನಿ."

"ಮಾಡಸ್ರಿ. ಆಮ್ಯಾಲ ನೋಡೂಣು" ಎಂದು ಆಟೋ ಹತ್ತಿದರು.

ಮಗಳು ಅವತ್ತೇ ಫೋನು ಮಾಡಿ ಅತ್ತಳು. "ಅವ್ವಾ, ನನಗ ಆ ವಾಸನಿ ರೂಢಿ ಐತಿ. ನಾ ಅಲ್ಲೇ ಬರ್ತೀನಿ." ರೂಢಿ ಇರುವುದು ಅವಳಿಗೆ, ಹೊಟ್ಟೆಯಲ್ಲಿರುವುದಕ್ಕೆ ಅಲ್ಲವಲ್ಲ ಎಂದು ಬೀಗಿತ್ತಿ ಹೇಳಿದರೆ ಅದೂ ನಿಜವೇ.

ಮರುದಿನವೇ ನಾನು ಅರ್ಜಿ ಬರೆಸಲು ಕೂತೆ. ನನಗೆ ತೆಲುಗು ಮಾತಾಡಲು ಬರುತ್ತದೆ, ಬರೆಯಲು ಬಾರದು. ಪಕ್ಕದ ಮನೆಯ ಅಕ್ಕ ತೆಲುಗಿನವಳು, ಅವಳನ್ನು ಕರೆದು ಬರೆಸಿದೆ. ಯಾರ್‍ಯಾರು ನಾಲಾಕ್ಕೆ ಏನೇನು ಎಸೆಯುತ್ತಾರೆ ಎಂದು ಒಬ್ಬೊಬ್ಬರನ್ನಾಗಿ ಹೇಳಿದೆ. ಕೋಳಿ ಅಂಗಡಿಯವನ ಪುಕ್ಕ ಮತ್ತು ಕರುಳು. ಚಹಾ ಹೋಟೆಲಿನ ಚರಟ. ಮದುವೆ ಮಂಟಪದವರ ಹಳಸಿದ ಅನ್ನ. ಹಾಸಿಗೆ ಹೊಲಿಯುವವನ ಕೊಳೆತ ಹತ್ತಿ. ಮೇಲಿನ ಶೆಡ್ಡುಗಳಿಂದ ಬರುವ ಎಣ್ಣೆನೀರು. ಭಾನುವಾರದ ಪ್ರವಾಸಿಗಳ ಬಾಟಲಿ. ಎಲ್ಲರನ್ನೂ ಹೇಳುತ್ತ ಹೋದಂತೆ ನನ್ನ ಎದೆ ಹಗುರಾಗುತ್ತಿತ್ತು. ಹೇಸಿಗೆಯನ್ನು ಬೇರೆಯವರ ಹೆಸರಿಗೆ ಬರೆಯುವುದರಲ್ಲಿ ಒಂದು ಸುಖವಿದೆ. ಪಕ್ಕದ ಮನೆಯವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು.

"ಅಂತೇನಾ, ಅಕ್ಕಾ?" ಅಷ್ಟೇನಾ ಎಂದು ಕೇಳಿದಳು.

"ಅಷ್ಟೇ" ಎಂದೆ.

ವಾರ್ಡ್ ಆಫೀಸಿಗೆ ಎಷ್ಟು ಸಲ ಹೋದೆನೋ. ಸಾಹೇಬನಿಗೆ ಮೀಟಿಂಗು, ಸಾಹೇಬ ಫೀಲ್ಡಿನಲ್ಲಿ, ಸಾಹೇಬ ನಮಾಜಿಗೆ, ಸಾಹೇಬ ಊಟಕ್ಕೆ. ಕೊನೆಗೊಮ್ಮೆ ಸಿಕ್ಕಾಗ ಅವನು ಅರ್ಜಿ ಓದಿ ನಕ್ಕ. "ನಾಲೇ ಕೆ ಬಾಜೂ ಘರ್ ಲಿಯೇ, ಅತ್ತರ್ ಕೀ ಖುಷ್ಬೂ ಹೋನಾ ಕ್ಯಾ ಅಮ್ಮಾ?" ನಾಲಾ ಪಕ್ಕ ಮನೆ ಮಾಡಿ ಅತ್ತರಿನ ಪರಿಮಳ ಬೇಕೇ ಎಂಬ ಕುಚೋದ್ಯ.

ನನಗೂ ಈ ಊರಿನ ಭಾಷೆ ಬರುತ್ತದೆ. "ಖುಷ್ಬೂ ನಕ್ಕೋ ಸಾಬ್. ಸಾಂಸ್ ಲೇನೇ ಕೂ ಜಗಾ ದೇವ್, ಬಸ್." ಪರಿಮಳ ಬೇಡ, ಉಸಿರಾಡಲು ಜಾಗ ಕೊಡು ಸಾಕು ಎಂದೆ. ಮಗಳ ಬಾಣಂತನದ ವಿಷಯವನ್ನೂ ಹೇಳಿದೆ. ಅವನಿಗೂ ಹೆಣ್ಣುಮಕ್ಕಳಿರಬೇಕು. ಪೆನ್ನು ತೆಗೆದು ಅರ್ಜಿಯ ಮೂಲೆಗೆ ಏನೋ ಗೀಚಿದ. ಮಳೆಗೆ ಮುಂಚೆ ಹೂಳು ತೆಗೆಸುವ ಪಟ್ಟಿಯಲ್ಲಿ ನಮ್ಮ ಸೇತುವೆ ಸೇರಿತು. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಹಾಕಿದೆ.

ಒಂದು ಮಂಗಳವಾರ ಬೆಳಿಗ್ಗೆ ಅಗೆಯುವ ಹಳದಿ ಯಂತ್ರ ಬಂತು, ಅದರ ಹಿಂದೆ ಏಳೆಂಟು ಕೂಲಿಯವರು. ಯಂತ್ರದ ಕೈ ಒಂದೊಂದು ಸಲ ಕೆಳಗಿಳಿದು ಬಂದಾಗಲೂ ಒಂದು ಹೊಸ ವಾಸನೆ ಮೇಲೆ ಬರುತ್ತಿತ್ತು. ತಳದಲ್ಲಿ ಎಷ್ಟೋ ವರ್ಷ ಮಲಗಿದ್ದದ್ದು. ಓಣಿಯ ಕಿಟಕಿಗಳೆಲ್ಲ ಪಟಪಟ ಮುಚ್ಚಿದವು. ನಾನು ಮಾತ್ರ ಹಬ್ಬದಂತೆ ಓಡಾಡಿದೆ. ಚಹಾ ಮಾಡಿ, ಚುರುಮುರಿ ಕಲಸಿ ಗೇಟಿನ ಹತ್ತಿರ ಇಟ್ಟೆ. ಇಡುವಾಗ ಮನಸ್ಸಿನಲ್ಲೇ ಅಂದುಕೊಂಡೆ, ಈ ಲೋಟಗಳನ್ನು ಬೇರೆಯೇ ಎತ್ತಿಡಬೇಕು ಎಂದು. ಹೌದು, ಹಾಗೇ ಅಂದುಕೊಂಡೆ.

ಕೂಲಿಯವರಲ್ಲಿ ಒಬ್ಬಳು ಹೆಂಗಸು. ಕಾಲಿಗೆ ಗಂಡಸರ ದೊಡ್ಡ ಬೂಟು, ಕೈ ಬರಿಗೈ. ಚಹಾ ಎತ್ತಿಕೊಳ್ಳುತ್ತ ತನ್ನ ಜತೆಯವನಿಗೆ ಕನ್ನಡದಲ್ಲಿ ಏನೋ ಬೈದಳು.

"ಎಲ್ಲಿಯಾಕಿ ಯವ್ವಾ ನೀ?" ಎಂದೆ.

"ಯಾದಗಿರಿ ಕಡಿಯಾಕೀರಿ! ನೀವೂ ನಮ್ಮ ಮಾತೇನ್ರಿ? ಈ ಊರಾಗ ಕನ್ನಡ ಕೇಳಿದ್ರ ಬಾಯಾಗ ಸಕ್ರಿ ಹಾಕ್ಕೊಂಡಂಗ ಆಗ್ತೈತ್ರಿ."

ಹತ್ತು ಗಂಟೆಯ ಹೊತ್ತಿಗೆ ಕೆಲಸ ನಿಂತಿತು. ಕಸ ಕೆರೆಗೆ ಹೋಗದಿರಲೆಂದು ಸೇತುವೆಯ ಕಮಾನಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಯಂತ್ರ ಎಷ್ಟು ಕೆದಕಿದರೂ ಜಾಲರಿಯ ಬಾಯಿ ತೆರೆಯಲಿಲ್ಲ. ಏನೋ ಅಡ್ಡ ಹೆಣೆದುಕೊಂಡಿತ್ತು. ಆ ಹೆಂಗಸು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಳು. ಕೊಕ್ಕೆ ಹಾಕಿ ಎಳೆದಳು, ಬರಲಿಲ್ಲ. ಎರಡೂ ಕೈ ಮೊಣಕೈತನಕ ಒಳಗಿಟ್ಟು ಎಳೆದಳು. ಬಂತು. ಉದ್ದಕ್ಕೆ ಜಡೆಯ ಹಾಗೆ.

ಗಂಟುಗಳು. ಮುಷ್ಟಿಯಷ್ಟು, ತೆಂಗಿನಕಾಯಿಯಷ್ಟು, ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಂಡು ಸಾಲು ಸಾಲು. ಕೆಸರಿನೊಳಗಿಂದ ಕೆಂಪು, ಹಳದಿ, ಹಸಿರು ಇಣುಕುತ್ತಿತ್ತು. ಪ್ರತಿಯೊಂದಕ್ಕೂ ಮೂರು ಗಂಟು.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ದೇವರಿಗೆ ಏರಿಸಿದ ಹೂವು, ಪತ್ರೆಗಳನ್ನು ಮರುದಿನ ತೆಗೆದ ಮೇಲೆ ಕಾಲಿಗೆ ಸಿಗುವಲ್ಲಿ ಹಾಕಬಾರದು, ಕಸದ ಜತೆ ಕೂಡಿಸಬಾರದು, ಹರಿಯುವ ನೀರಿಗೆ ಬಿಡಬೇಕು. ನಮ್ಮ ಅವ್ವ ಕಲಿಸಿದ್ದು ಅದು. ಅವಳು ಊರ ಹಳ್ಳದಲ್ಲಿ ಬರಿಗೈಯಲ್ಲಿ ಹೂವು ತೇಲಿಬಿಡುತ್ತಿದ್ದಳು. ನನಗೆ ಈ ಊರಲ್ಲಿ ಹರಿಯುವ ನೀರು ಎಂದರೆ ನಾಲಾ ಒಂದೇ. ಆ ಹೊಲಸಿಗೆ ದೇವರ ಹೂವನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಹೊಲಸು ತಾಗಬಾರದೆಂದು ಬಟ್ಟೆಯಲ್ಲಿ ಕಟ್ಟಿ, ಮೂರು ಗಂಟು ಹಾಕಿ, ಕಣ್ಣು ಮುಚ್ಚಿ ಕೈಮುಗಿದು, ದಂಡೆಯ ತಂತಿಬೇಲಿಯ ಹರಿದ ಮೂಲೆಯಿಂದ ಬಿಡುತ್ತಿದ್ದೆ. ಮಂಗಳವಾರ, ಶುಕ್ರವಾರ. ತಪ್ಪದೆ.

ಬಟ್ಟೆಗೆ ಬರವಿರಲಿಲ್ಲ. ಅರಿಶಿನ ಕುಂಕುಮಕ್ಕೆ ಹೋದರೆ ಖಣ ಕೊಡುತ್ತಾರಲ್ಲ, ರವಿಕೆಯ ತುಂಡು, ಆ ಟ್ರಂಕು ನಮ್ಮೆಲ್ಲರ ಮನೆಯಲ್ಲೂ ಇರುತ್ತದೆ. ಬೆವರು ಹೀರದ, ಹೊಲಿಸಲು ಬಾರದ ಪಾಲಿಸ್ಟರು. ಯಾರೂ ಹೊಲಿಸುವುದಿಲ್ಲ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರ ಉಡಿಗೆ ಹಾಕುತ್ತೇವೆ, ಅವರು ಮತ್ತೊಬ್ಬರಿಗೆ. ಉಡಿ ತುಂಬಿದ ಬಟ್ಟೆ, ಮಂಗಳದ್ದು, ದೇವರ ಹೂವಿಗೆ ಇದಕ್ಕಿಂತ ಒಳ್ಳೆಯದು ಏನಿದೆ ಎಂದು ನಾನು ತಿಳಿದಿದ್ದೆ. ಅದು ಕೊಳೆಯುವುದಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಗಂಟು ಬೇಲಿ ದಾಟಿದ ಕೂಡಲೇ ನನ್ನ ಪಾಲಿಗೆ ಅದು ಗಂಗೆ ಸೇರಿತು.

ಆ ಹೆಂಗಸು ದಂಡೆಗೆ ಕೂತು ಕುಡುಗೋಲಿನಿಂದ ಒಂದು ಗಂಟು ಸೀಳಿದಳು. ಒಳಗಿನಿಂದ ಕಪ್ಪು ಲೋಳೆ ಸುರಿಯಿತು. ಹೂವು ಎಂದು ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಇಷ್ಟು ದಿನ ನಾನು ನಾಲಾದ ವಾಸನೆ ಎಂದುಕೊಂಡಿದ್ದದ್ದು ಅದರೊಳಗಿಂದಲೂ ಬಂತು, ಅಡ್ಡಿಯಿಲ್ಲದೆ, ನನ್ನ ಮುಖಕ್ಕೇ. ಹೊಲಸನ್ನು ಹೊರಗಿಡಲು ಹಾಕಿದ ಗಂಟು ಹೊಲಸನ್ನು ಒಳಗೆ ಕಾಪಾಡಿತ್ತು.

"ಬತ್ತಿ ಅದಾವ, ಪತ್ರಿ ಕಡ್ಡಿ ಅದಾವ" ಎಂದು ಬೆರಳಲ್ಲಿ ಕೆದರಿ ನೋಡಿದಳು. "ಯಾರೋ ದೇವರ ಹೆಣಾ ಕಟ್ಟಿ ನಾಲಾಕ್ಕ ಒಗದಾರ್ರೀ ಅಕ್ಕಾರ."

ಅವಳು ಇನ್ನೊಂದು ಗಂಟನ್ನು ನಮ್ಮ ಅಂಗಳದ ನಲ್ಲಿಯ ಕೆಳಗೆ ಹಿಡಿದು ಹಿಂಡಿದಳು. ಕೆಸರು ಹೋದ ಮೇಲೆ ಗಿಳಿಹಸಿರು, ಅಂಚಿಗೆ ಸಾಲುಗಿಳಿ. ಬಣ್ಣ ನಿನ್ನೆ ಅಂಗಡಿಯಿಂದ ತಂದಂತಿತ್ತು. ಮಗಳ ನಿಶ್ಚಯದ ದಿನ ಬೀಗಿತ್ತಿ ನನ್ನ ಉಡಿಗೆ ಹಾಕಿದ ಖಣ ಅದು.

"ಎಂಥಾ ಚೆಂದ ಖಣ! ನಮ್ಮ ಹುಡುಗಿಗೆ ಒಂದು ಲಂಗ ಆಗ್ತಿತ್ತು. ಯಾ ಪುಣ್ಯಾತಗಿತ್ತಿ ಒಗದಾಳೋ."

ಪಕ್ಕದ ಮನೆಯವಳು ಬಾಲ್ಕನಿಯಿಂದ ಎಲ್ಲ ನೋಡುತ್ತಿದ್ದಳು. ಅಲ್ಲಿಂದಲೇ ಕೂಗಿದಳು. "ಅಕ್ಕಾ! ಮೀ ದೇವುಡೇ ಅಡ್ಡಂ ಪಡ್ಡಾಡು!" ನಿಮ್ಮ ದೇವರೇ ಅಡ್ಡ ಬಿದ್ದಿದ್ದಾನಲ್ಲ ಎಂದು. ನಕ್ಕಳು. ಅವಳು ವರ್ಷಗಳಿಂದ ನೋಡಿದ್ದಳು, ಅದಕ್ಕೇ ಅವತ್ತು ಪೆನ್ನು ಎತ್ತಿ ಕೇಳಿದ್ದು.

"ಅವು ನಮ್ಮನಿವು ಯವ್ವಾ" ಎಂದೆ ಯಾದಗಿರಿಯವಳಿಗೆ. "ನಾನ ಒಗದದ್ದು."

ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಗಿಳಿ ಅಂಚು ನೋಡಿದಳು. "ಹೋಗ್ಲಿ ಬಿಡ್ರಿ. ಉಳದವರು ಏನೇನ್ ಒಗೀತಾರ ಅಂತ ಹೇಳಿದ್ರ ನಿಮಗ ಮೂರು ದಿನ ಉಂಡದ್ದು ಸೇರಂಗಿಲ್ಲ. ನಿಮ್ಮವು ಪೂಜಿ ಮಾಡಿದ ಗಂಟು" ಎಂದಳು. ಅವಳ ಬರಿಗೈಯಿಂದ ಆ ಲೋಳೆ ಮೊಣಕೈಗೆ ಇಳಿಯುತ್ತಿತ್ತು. ನನ್ನ ಪೂಜೆ ಆ ಕೈಮೇಲೆ ಇಳಿಯುತ್ತಿತ್ತು. ಸೋಪು ತಂದು ನಾನೇ ನೀರು ಹಾಕಿದೆ, ಮೂರು ಸಲ ತೊಳೆದಳು. ಲೋಟಗಳನ್ನು ಬೇರೆ ಎತ್ತಿಡಲಿಲ್ಲ. ಅಷ್ಟಕ್ಕೆ ಏನೂ ಸರಿಹೋಗುವುದಿಲ್ಲ, ಗೊತ್ತು.

ತೆಗೆದ ಹೂಳನ್ನು ಒಯ್ಯಲು ಲಾರಿ ಬರಲಿಲ್ಲ. ಒಣಗಲಿ ಎಂದು ನಮ್ಮ ಗೇಟಿನ ಎದುರೇ ಗುಡ್ಡೆ ಹಾಕಿ ಹೋದರು, ನನ್ನ ಗಂಟುಗಳು ಅದರ ಮೇಲೆ. ಹಾಲು ತರಲು ಹೋದರೆ ಅವು, ಬಟ್ಟೆ ಒಣಹಾಕಲು ಹೋದರೆ ಅವು. ಬಿಸಿಲಿಗೆ ಕೆಸರು ಉದುರಿ ದಿನದಿಂದ ದಿನಕ್ಕೆ ಬಣ್ಣ ಚೊಕ್ಕವಾಗುತ್ತ ಬಂತು. ನೊಣ ಮುತ್ತಿದ ಪಾಲಿಸ್ಟರು ಹೊಳೆಯುವುದನ್ನು ನೋಡಿದವರಿಗೇ ಅದರ ಅಸಹ್ಯ ಗೊತ್ತು. ಭಾನುವಾರ ಪ್ರವಾಸಿಗಳು ಬಂದರು. ಒಬ್ಬ ಬೆರಳು ಮಾಡಿ ಇದೇನೆಂದು ಕೇಳಿದ. ಗೈಡು ಒಂದು ಕ್ಷಣವೂ ತಡೆಯಲಿಲ್ಲ. "ಯಹಾಂ ಕೇ ಲೋಗೋಂ ಕೀ ಶ್ರದ್ಧಾ" ಎಂದ. ಇಲ್ಲಿನ ಜನರ ಭಕ್ತಿಯಂತೆ. ಐದಾರು ಕ್ಯಾಮೆರಾ ಎದ್ದವು. ನಾನು ಕಿಟಕಿ ಮುಚ್ಚಿದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಹೊರಗಿನದು ಒಳಗೆ ಬಾರದಿರಲೆಂದಲ್ಲ, ನನ್ನ ಮುಖ ಹೊರಗೆ ಕಾಣದಿರಲೆಂದು.

ಅವತ್ತೇ ಸಂಜೆ ಬೀಗಿತ್ತಿಯ ಫೋನು. "ನಾಲಾ ಸ್ವಚ್ಛ ಆತಂತಲ್ರೀ? ಮಗಳು ಹೇಳಿದ್ಲು."

ಹೌದು ಎಂದು ಸುಮ್ಮನಾಗಿದ್ದರೆ ಆಗುತ್ತಿತ್ತು. ಮನೆಯವರು ಎದುರಿಗೇ ಕೂತು, ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದರು. ಆದರೆ ಜಗಲಿಯ ಮೇಲೆ ದೀಪ ಹಚ್ಚಿತ್ತು, ಅದರ ಬೆಳ್ಳಿ ಕರ್ರಗಾಗಿತ್ತು. ಆ ಕಪ್ಪು ಯಾರದೆಂದು ಈಗ ನನಗೆ ಗೊತ್ತಿತ್ತು, ಎಲ್ಲ ಅಲ್ಲದಿದ್ದರೂ ಒಂದು ಪಾಲು. ಹೇಳಿಬಿಟ್ಟೆ. ಜಾಲರಿ ಕಟ್ಟಿಕೊಂಡದ್ದು ನನ್ನ ಗಂಟುಗಳಿಂದ, ಮುಂದೆ ಹೋಗಬೇಕಾದ ನೀರು ನಮ್ಮ ಮನೆಗೇ ನುಗ್ಗುವ ಹಾಗೆ ನಾನೇ ತಡೆದಿದ್ದೆ, ಅರ್ಜಿಯಲ್ಲಿ ಊರವರ ಹೆಸರೆಲ್ಲ ಬರೆಸಿ ನನ್ನದೊಂದನ್ನು ಬಿಟ್ಟಿದ್ದೆ ಎಂದು.

ಬೀಗಿತ್ತಿ ಕೊನೆಯ ತನಕ ಆಲಿಸಿದರು. ಆಮೇಲೆ ಕೇಳಿದರು. "ನಾ ಕೊಟ್ಟ ಖಣಾನೂ ಇತ್ತೇನ್ರಿ ಅದ್ರಾಗ?"

"ಇತ್ರೀ. ಗಿಳಿ ಅಂಚಿಂದು."

"ಅದು ನನಗೂ ಯಾರೋ ಕೊಟ್ಟದ್ದಿತ್ತು" ಎಂದು ಫೋನು ಇಟ್ಟರು.

"ಬಾಯಿ ಮುಚ್ಕೊಂಡಿದ್ರ ಮಗಳು ಬರ್ತಿದ್ಲು" ಎಂದರು ಮನೆಯವರು. ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಬೀಗಿತ್ತಿ ಮೂರು ವಾರ ಫೋನು ಮಾಡಲಿಲ್ಲ. ನಾನು ಮಾಡಿದರೆ ಮಗಳೇ ಎತ್ತುತ್ತಿದ್ದಳು, ಅತ್ತೆ ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು. ಅಳವಿಯ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ, ಹುಳ ಬಿದ್ದಿರಲಿಲ್ಲ. ಮತ್ತೆ ಮುಚ್ಚಿಟ್ಟೆ.

ಹೂಳು ಒಯ್ಯಲು ಕೊನೆಗೂ ಲಾರಿ ಬಂದ ದಿನ ಖಣದ ಟ್ರಂಕು ತೆಗೆದು, ಉಳಿದದ್ದನ್ನೆಲ್ಲ ಅದರ ಜತೆ ಬಂದ ಯಾದಗಿರಿಯವಳಿಗೆ ಕೊಟ್ಟೆ, ಅವಳ ಮಗಳ ಲಂಗಕ್ಕೆ. ಹೂವು, ಪತ್ರೆಗೆ ಬೇವಿನ ಬುಡದಲ್ಲಿ ಒಂದು ಮಣ್ಣಿನ ಗಡಿಗೆ ಹುಗಿದೆ. ಹದಿನೈದು ದಿನಕ್ಕೆ ಅದರಲ್ಲಿ ಹುಳುಗಳಾದವು. ದೇವರ ಹೂವಿನಲ್ಲಿ ಹುಳು! ಮೊದಲ ಸಲ ನೋಡಿ ಕೈಯಲ್ಲಿದ್ದ ಹೂವು ಅಲ್ಲೇ ಬಿಟ್ಟು ಒಳಗೆ ಓಡಿದ್ದೆ. ಈಗಲೂ ನೋಡದೆ ಹಾಕಿ ಬರುತ್ತೇನೆ. ಆದರೆ ಹಾಕಿ ಬರುತ್ತೇನೆ.

ಮೊದಲ ದೊಡ್ಡ ಮಳೆ ಬಂದ ದಿನ ಮನೆಯವರು ವರ್ಕ್‌ಶಾಪಿಗೆ ಹೋಗಲಿಲ್ಲ. ಇಬ್ಬರೂ ಹೊಸ್ತಿಲಲ್ಲಿ ನಿಂತೆವು. ನೀರು ಏರಿತು, ಕೆಳಗಿನ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು. ಅಲ್ಲಿ ನಿಂತಿತು. ಸೇತುವೆಯ ಕಡೆಯಿಂದ ಧೋ ಎಂದು ಸದ್ದು ಕೇಳುತ್ತಿತ್ತು, ಜಾಲರಿಯಿಂದ ನೀರು ಇಳಿಯುವ ಸದ್ದು. ವಾಸನೆ ಇದ್ದ ಹಾಗೇ ಇತ್ತು. ನೀರು ಮಾತ್ರ ಹೊಸ್ತಿಲು ದಾಟಲಿಲ್ಲ.

ಅದರ ಮರುವಾರ ಬೀಗಿತ್ತಿಯೇ ಫೋನು ಮಾಡಿ ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಕರೆದರು. ಮಗಳನ್ನು ಕಳಿಸುವ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕಲಬುರಗಿಗೆ ಹೋದೆವು. ಮಗಳು ಹಸಿರು ಸೀರೆ ಉಟ್ಟು, ಕೈತುಂಬ ಬಳೆಯಿಟ್ಟು ಮಣೆಯ ಮೇಲೆ ಕೂತಿದ್ದಳು. ಊಟವಾಯಿತು. ಬಂದವರೆಲ್ಲ ಹೋದರು. ಆಮೇಲೆ ಬೀಗಿತ್ತಿ ನನ್ನನ್ನು ಕೂಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ. ಮೇಲೆ ಒಂದು ಖಣ. ಕೈಮಗ್ಗದ ದಪ್ಪ ಹತ್ತಿಯದು, ಮುಟ್ಟಿದರೆ ಬೆರಳಿಗೆ ತಿಳಿಯುತ್ತಿತ್ತು.

"ಇದು ಯಾರೂ ಕೊಟ್ಟದ್ದಲ್ಲ, ನಾನ ಅಂಗಡಿಗೆ ಹೋಗಿ ತಂದದ್ದು" ಎಂದರು. "ಹೊಲಿಸ್ಕೊಳ್ರಿ, ಒಗೀಬ್ಯಾಡ್ರಿ."

ಅಡುಗೆಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಮುಖ ಬಿಸಿಯಾಯಿತು.

"ನಾ ವಾಸನಿಗೆ ಹೆದರಿದ್ದು ಖರೇ. ಅದಕ್ಕಿಂತ ಹೆಚ್ಚು ಹೆದರಿದ್ದು, ಕೂಸಿಗೆ ನೆಗಡಿ ಜ್ವರ ಬಂದ್ರ ಬೀಗರು ಮುಚ್ಚಿಡ್ತಾರ ಅಂತ. ಮುಚ್ಚಿಡೂ ಪೈಕಿ ಅಲ್ಲ ನೀವು. ಹೆರಿಗಿ ನಿಮ್ಮಲ್ಲೇ ಆಗ್ಲಿ, ತಾಯಿ ಕೂಸಿನ್ನ ತಿಂಗಳೊಪ್ಪತ್ತು ಇಟ್ಕೊಳ್ರಿ, ಆಮ್ಯಾಲ ನಾ ಬಂದು ಕರಕೊಂಡು ಹೋಗ್ತೀನಿ. ಕಿಟಕಿ ಮಾತ್ರ ಹಾಕಿರಲಿ."

ಮಗಳನ್ನು ಕರೆದುಕೊಂಡು ಬಂದದ್ದು ಒಂದು ಭಾನುವಾರ. ರೈಲು ಇಳಿದು ಆಟೋ ಮಾಡಿದೆವು. ಸೇತುವೆಯ ಮೇಲೆ ಪ್ರವಾಸಿಗಳ ಗುಂಪು ಅಡ್ಡವಾಗಿ ನಿಂತಿದ್ದರಿಂದ ಆಟೋ ನಿಂತಿತು. ಗಾಳಿ ತಿರುಗಿತು. ಮಗಳು ಸೆರಗು ಮೂಗಿಗೆ ಒತ್ತಿದಳು. "ಅವ್ವಾ, ರೂಢಿ ತಪ್ಪೇತಿ" ಎಂದವಳೇ ಆಟೋದಿಂದ ಇಳಿದು ಸೇತುವೆಯ ಕಲ್ಲುಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ದೋಣಿಗಳ ವಿಷಯ ಹೇಳುತ್ತಿದ್ದ ಗೈಡು ಬಾಯಿ ಮುಚ್ಚಿದ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು, ಮುಖ ಸಿಂಡರಿಸಿದರು.

ನಾನು ಅವಳ ಬೆನ್ನು ಸವರಿದೆ. ಚೀಲದಿಂದ ಬಾಟಲಿ ತೆಗೆದು ಬಾಯಿ ತೊಳೆಸಿದೆ, ಕೈ ತೊಳೆಸಿದೆ, ನೀರು ಮುಗಿಯಿತು. ಕೆಳಗೆ ನಾಲಾ ಎಂದಿನಂತೆ ಕರ್ರಗೆ ಹರಿಯುತ್ತಿತ್ತು. ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಅವಳ ಕೈ ಹಿಡಿದು, ಆ ಜನರ ನಡುವೆ ದಾರಿ ಮಾಡಿಕೊಂಡು ಮನೆಗೆ ನಡೆದೆ.